ಗವರ್ನರ್ ಪರೀಕ್ಷೆ

ನಾನು ಟೀಚರ್ ಆದದ್ದು ಒಮಾನಿಗೆ ಬಂದ ಮೇಲೆ. ಉಡುಪಿಯಲ್ಲಿ ಬಿ.ಎ. ಮುಗಿಸಿ, ಮದುವೆಯಾಗಿ, ಗಂಡನ ಹಿಂದೆಯೇ ಅಲ್ ಮಬೇಲಾಕ್ಕೆ ಬಂದಿಳಿದಾಗ ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಮಬೇಲಾ ಇನ್ನೂ ಕಟ್ಟಿಕೊಳ್ಳುತ್ತಿದ್ದ ಊರು. ಒಂದು ಸಾಲಿನಲ್ಲಿ ಹೊಸ ವಿಲ್ಲಾಗಳಿದ್ದರೆ ಪಕ್ಕದ ಸಾಲಿನಲ್ಲಿ ವೆಲ್ಡಿಂಗ್ ಶೆಡ್ಡು, ಟಯರ್ ಅಂಗಡಿ. ನನ್ನ ಗಂಡ ಕಾರಿನ ಬಿಡಿಭಾಗ ಮಾರುವ ಅಂಗಡಿಯೊಂದರಲ್ಲಿ ಅಕೌಂಟೆಂಟ್. ಅಂಗಡಿಯ ಯಜಮಾನರು ಕಾರ್ಕಳದ ಕಡೆಯವರು. ಅವರೇ ಮುಂದೆ ನಿಂತು, ನಾಲ್ಕಾರು ವ್ಯಾಪಾರಿಗಳನ್ನು ಸೇರಿಸಿಕೊಂಡು, ಬಾಡಿಗೆಯ ವಿಲ್ಲಾದಲ್ಲಿ ನಮ್ಮವರ ಮಕ್ಕಳಿಗಾಗಿ ಸಣ್ಣದೊಂದು ಶಾಲೆ ನಡೆಸುತ್ತಿದ್ದರು. ನಾಲ್ಕನೇ ಕ್ಲಾಸಿನವರೆಗೆ ಮಾತ್ರ. ಆ ಶಾಲೆ ಈಗ ಇಲ್ಲ. ಕಮಿಟಿಗೆ ಅವರೇ ಅಧ್ಯಕ್ಷರು. ಮನೆಯಲ್ಲಿ ಬೇಸರ ಎಂದು ನನ್ನ ಗಂಡ ಒಮ್ಮೆ ಬಾಯಿ ಬಿಟ್ಟದ್ದೇ ನೆಪವಾಗಿ ನನ್ನನ್ನು ಎರಡನೇ ಕ್ಲಾಸಿಗೆ ಹಾಕಿಕೊಂಡರು.

ಪಾಠ ಮಾಡುವುದು ಹೇಗೆಂದು ನನಗೆ ಗೊತ್ತಿರಲಿಲ್ಲ. ಮೊದಲ ದಿನವೇ ಮಕ್ಕಳು ಬೆಂಚು ಹತ್ತಿ ಕುಣಿದರು. ಗದ್ದಲ ಕೇಳಿ ಪಕ್ಕದ ಒಂದನೇ ಕ್ಲಾಸಿನಿಂದ ಒಬ್ಬರು ಹಿರಿಯ ಟೀಚರ್ ಬಂದು ಬಾಗಿಲಲ್ಲಿ ನಿಂತರು. ಬೈಯಲಿಲ್ಲ. ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, ಬಾಯಿಗೆ ಬೆರಳಿಟ್ಟು, ಕಿವಿಗೊಟ್ಟು ಏನನ್ನೋ ಕೇಳುವವರಂತೆ ನಿಂತರು ಅಷ್ಟೆ. ಮಕ್ಕಳಿಗೂ ಕೇಳಬೇಕೆನಿಸಿತು. ಕ್ಲಾಸು ತಣ್ಣಗಾಯಿತು.

“ಕಿರುಚಿದ್ರೆ ಕಿರುಚ್ತವೆ ಮಾರಾಯ್ತಿ. ನೀನು ಸಣ್ಣ ಮಾಡು ಸ್ವರ,” ಎಂದು ಹೇಳಿ ಹೋದರು.

ಅವರು ಉಳ್ಳಾಲದ ಕಡೆಯ ಬ್ಯಾರಿ ಮನೆತನದವರು. ಗಂಡನಿಗೆ ಅಲ್ಲೇ ಮಬೇಲಾದಲ್ಲಿ ಬಟ್ಟೆ ಅಂಗಡಿ. ನನ್ನೊಡನೆ ತುಳುವಿಗೆ ಕನ್ನಡ ಬೆರೆಸಿ ಮಾತಾಡುತ್ತಿದ್ದರು. ಶಾಲೆ ಶುರುವಾದ ದಿನದಿಂದ ಒಂದನೇ ಕ್ಲಾಸು ಅವರದೇ. ಅಮ್ಮನನ್ನು ಬಿಟ್ಟು ಬಂದು ಅಳುವ ಮಗು ಅವರ ಕಂಕುಳಲ್ಲಿ ಒಂದು ವಾರ ಕಳೆಯಿತೆಂದರೆ ಆಮೇಲೆ ಮನೆಗೆ ಹೋಗುವುದಿಲ್ಲ ಎಂದು ಅಳುತ್ತಿತ್ತು. ನಾನು ಅವರನ್ನು ಅಕ್ಕ ಎಂದೇ ಕರೆದೆ. ಎಲ್ಲಿ ಮೀನು ತಾಜಾ ಸಿಗುತ್ತದೆ, ಬೇಸಿಗೆಯಲ್ಲಿ ನೀರಿನ ಟ್ಯಾಂಕರ್ ತಡವಾದರೆ ಯಾರಿಗೆ ಹೇಳಬೇಕು, ಎಲ್ಲವನ್ನೂ ಅವರಿಂದಲೇ ಕಲಿತೆ.

ಮರುವರ್ಷ ನಮ್ಮ ಶಾಲೆಗೆ ಅಮೆರಿಕದ ಹೆಂಗಸೊಬ್ಬರು ಬರತೊಡಗಿದರು. ಅವರ ಗಂಡ ನೀರಿನ ಯೋಜನೆಯಲ್ಲಿ ಎಂಜಿನಿಯರ್. ಮನೆ ದೂರದ ಮದೀನತ್ ಸುಲ್ತಾನ್ ಖಾಬೂಸ್ ಬಡಾವಣೆಯಲ್ಲಿ. ಕಾರು ರಿಪೇರಿಗೆಂದು ಮಬೇಲಾಕ್ಕೆ ಬಂದವರು ನಮ್ಮ ಅಧ್ಯಕ್ಷರ ಅಂಗಡಿಯಲ್ಲಿ ಕಾಯುತ್ತ ಕೂತಿದ್ದಾಗ, ತಾನು ಊರಲ್ಲಿ ಪ್ರೈಮರಿ ಟೀಚರ್ ಆಗಿದ್ದೆ, ಇಲ್ಲಿ ಕೈ ಖಾಲಿ ಎಂದು ಹೇಳಿದರಂತೆ. ವಾರಕ್ಕೆರಡು ದಿನ ಬಂದು ಮಕ್ಕಳಿಗೆ ಇಂಗ್ಲಿಷ್ ಕತೆ ಓದಿ ಹೇಳಿ ಎಂದು ಅಧ್ಯಕ್ಷರು ಕೇಳಿಕೊಂಡರು. ಅವರು ಒಪ್ಪಿದರು. ಅರೆ ನರೆತ ಕೂದಲು ಕತ್ತರಿಸಿಕೊಂಡ, ಉದ್ದ ತೋಳಿನ ಅಂಗಿ ಹಾಕಿದ, ಎತ್ತರದ ಹೆಂಗಸು. ನಮಗೆ ಅವರು ಮೇಡಂ.

ಚಹಾದ ಹೊತ್ತಿಗೆ ನಾವು ಮೂವರೂ ಹಿತ್ತಿಲ ನೆರಳಿನಲ್ಲಿ ಕೂರುತ್ತಿದ್ದೆವು. ಮೇಡಂ ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಾನು ಅಕ್ಕನಿಗೆ ಕನ್ನಡದಲ್ಲಿ ಹೇಳುತ್ತಿದ್ದೆ. ಮೇಡಂ ಬಾಯಲ್ಲಿ ಪದೇ ಪದೇ ಬರುತ್ತಿದ್ದ ಮಾತು ಗವರ್ನರ್. ರಸ್ತೆ ಕೆಟ್ಟರೂ ಗವರ್ನರ್, ಜೈಲು ತುಂಬಿದರೂ ಗವರ್ನರ್, ಶಾಲೆಯ ವಿಷಯ ಬಂದರಂತೂ ಗವರ್ನರ್ ಬಿಟ್ಟು ಮಾತೇ ಇಲ್ಲ. ನನಗೆ ಗವರ್ನರ್ ಎಂದರೆ ನಮ್ಮ ರಾಜ್ಯಪಾಲರು. ಬೆಂಗಳೂರಿನ ರಾಜಭವನದಲ್ಲಿದ್ದುಕೊಂಡು, ಸರಕಾರ ಬರೆದುಕೊಟ್ಟ ಭಾಷಣ ಓದಿ, ಮಂತ್ರಿಗಳಿಗೆ ಪ್ರಮಾಣವಚನ ಬೋಧಿಸುವವರು. ಅಕ್ಕನಿಗೆ ಗವರ್ನರ್ ಎಂದರೆ ವಾಲಿ. ಒಮಾನಿನಲ್ಲಿ ಸುಲ್ತಾನರು ಪ್ರತಿ ಸೀಮೆಗೂ ಒಬ್ಬ ವಾಲಿಯನ್ನು ನೇಮಿಸುತ್ತಾರೆ. ಜನ ಅವರ ಮಜ್ಲಿಸ್ ಎಂಬ ಚಾವಡಿಗೆ ಹೋಗಿ ತಂಟೆ ತಕರಾರು ಹೇಳಿಕೊಳ್ಳುತ್ತಾರೆ.

“ಎರಡೂ ಅಲ್ಲ,” ಎಂದರು ಮೇಡಂ ನಗುತ್ತ. “ನಮ್ಮಲ್ಲಿ ಅವರನ್ನು ಜನವೇ ವೋಟು ಹಾಕಿ ಆರಿಸುತ್ತಾರೆ. ನಿಮ್ಮ ಮುಖ್ಯಮಂತ್ರಿಯ ಹಾಗೆ ಅಂದುಕೊಳ್ಳಿ. ನಮ್ಮ ಶಾಲೆಗಳನ್ನು ನಡೆಸುವುದು ವಾಷಿಂಗ್ಟನ್ ಅಲ್ಲ. ಅದು ರಾಜ್ಯದ ಕೆಲಸ. ಗವರ್ನರ್ ಒಂದು ಮಾತು ಎತ್ತಿದರೆ ಸಾಕು, ಮಾರನೇ ದಿನ ಇಡೀ ರಾಜ್ಯ ಎರಡು ಪಾಲು. ಊಟದ ಮೇಜಿನಲ್ಲೂ ಅದೇ ಜಗಳ. ಆಮೇಲೆ ಪಕ್ಕದ ರಾಜ್ಯದ ಗವರ್ನರೂ ಅದನ್ನೇ ಎತ್ತುತ್ತಾರೆ.”

ಅವರ ರಾಜ್ಯದಲ್ಲಿ ಎಂಬತ್ತರ ದಶಕದಲ್ಲಿ ಎದ್ದ ಮಾತು ಟೀಚರುಗಳ ಪರೀಕ್ಷೆ. ಮಕ್ಕಳು ಕಲಿಯುತ್ತಿಲ್ಲ ಎಂಬ ದೂರು ಹೆಚ್ಚಾದಾಗ ಗವರ್ನರ್ ಟೀವಿಯಲ್ಲಿ ಬಂದು, ಶಾಲೆಗಳಿಗಾಗಿ ತೆರಿಗೆ ಏರಿಸುತ್ತೇನೆ, ಟೀಚರುಗಳ ಸಂಬಳವನ್ನೂ ಏರಿಸುತ್ತೇನೆ, ಆದರೆ ಈಗ ಕೆಲಸದಲ್ಲಿರುವ ಪ್ರತಿಯೊಬ್ಬ ಟೀಚರೂ ಓದು, ಬರಹ, ಲೆಕ್ಕದ ಪರೀಕ್ಷೆ ಬರೆಯಬೇಕು ಎಂದರಂತೆ. ಟೀಚರುಗಳ ಸಂಘ ಸಿಡಿದೆದ್ದಿತು. ಇದು ಅವಮಾನ ಎಂದು ಮೆರವಣಿಗೆ ಹೋಯಿತು. ಜನರಿಗೆ ಮಾತ್ರ ಹಿಡಿಸಿತು. ಮೇಡಂ ಸ್ವತಃ ಟೀಚರ್ ಆಗಿದ್ದೂ ಗವರ್ನರ್ ಪಕ್ಷ ವಹಿಸಿ, ಮನೆ ಮನೆ ಬಾಗಿಲು ತಟ್ಟಿ ಪ್ರಚಾರ ಮಾಡಿದ್ದರು.

“ಫೇಲಾದವರನ್ನು ಎಂತ ಮಾಡಿದ್ರಂತೆ?” ಎಂದು ಅಕ್ಕ ಕೇಳಿದರು. ನಾನು ಇಂಗ್ಲಿಷಿಗೆ ತಿರುಗಿಸಿದೆ.

“ಮತ್ತೆ ಮತ್ತೆ ಬರೆಯಲು ಬಿಟ್ಟರು. ತಯಾರಿಗೆ ಕ್ಲಾಸು ಇಟ್ಟರು. ಎಷ್ಟೋ ಜನ ಎರಡನೇ ಸಲ, ಮೂರನೇ ಸಲ ಪಾಸಾದರು,” ಎಂದರು ಮೇಡಂ. ನಾನು ಕನ್ನಡಕ್ಕೆ ತಿರುಗಿಸುವ ಮೊದಲೇ ಬೆಲ್ಲು ಹೊಡೆಯಿತು. ಅಕ್ಕ ಮಕ್ಕಳ ಹಿಂದೆ ಓಡಿದರು. ಆ ಉತ್ತರವನ್ನು ಕೇಳಿದವಳು ನಾನೊಬ್ಬಳೇ.

ಕೆಲವು ತಿಂಗಳಾದ ಮೇಲೆ ಒಬ್ಬ ತಂದೆ ಮಗಳನ್ನು ಕರೆದುಕೊಂಡು ಹೋಗಲು ಬಂದವರು, ಒಂದನೇ ಕ್ಲಾಸಿನ ಕಿಟಕಿಯಿಂದ ಬೋರ್ಡು ನೋಡಿದರು. ವಾರದ ದಿನಗಳ ಹೆಸರು ಇಂಗ್ಲಿಷಿನಲ್ಲಿ ಬರೆದಿತ್ತು. ವೆಡ್ನೆಸ್‌ಡೇ ಎಂಬಲ್ಲಿ ನಡುವಿನ ‘ಡಿ’ ಇರಲಿಲ್ಲ. ಅವರು ನೇರವಾಗಿ ಅಧ್ಯಕ್ಷರ ಅಂಗಡಿಗೆ ಹೋದರು. ಇಂಥ ದೂರು ಅದೇ ಮೊದಲಲ್ಲ. ನನಗೂ ಗೊತ್ತಿತ್ತು. ಅಕ್ಕನ ಇಂಗ್ಲಿಷು ಕಿವಿಯಿಂದ ಕಲಿತದ್ದು. ಬರೆಯುವಾಗ ಕೆಲವು ಅಕ್ಷರ ಜಾರುತ್ತಿದ್ದವು. ನಾನು ನೋಡಿದರೂ ನೋಡದವಳಂತೆ ಇದ್ದುಬಿಡುತ್ತಿದ್ದೆ. ಹಿರಿಯರಿಗೆ ಹೇಗೆ ಹೇಳುವುದು?

ಅಧ್ಯಕ್ಷರು ಮೇಡಂ ಅವರನ್ನು ಕರೆಸಿ, ಶಾಲೆಯ ಮಟ್ಟ ಮೇಲೆತ್ತಲು ಏನು ಮಾಡಬಹುದು ಎಂದು ಕೇಳಿದರು. ಮೇಡಂ ತಮ್ಮ ಗವರ್ನರ್ ಕತೆ ಹೇಳಿದರು. ಅಧ್ಯಕ್ಷರಿಗೆ ಅದು ತಲೆಗೇರಿತು. ಮುಂದಿನ ವಾರ ಟೀಚರುಗಳ ಸಭೆ ಕರೆದರು. ಆ ದಿನ ಮೇಡಂ ಬರುವ ದಿನವಲ್ಲ. ನಾವು ಏಳು ಮಂದಿ ಮಕ್ಕಳ ಬೆಂಚುಗಳ ಮೇಲೆ ಮೊಣಕಾಲು ಮಡಚಿ ಕೂತಿದ್ದೆವು.

“ಅಮೆರಿಕದಂಥ ಅಮೆರಿಕದಲ್ಲೇ ಗವರ್ನರ್ ಟೀಚರ್ಸಿಗೆ ಎಕ್ಸಾಮ್ ಇಟ್ಟಿದ್ದಾರೆ,” ಎಂದರು ಅಧ್ಯಕ್ಷರು. “ಸ್ಟ್ರೈಕ್ ಮಾಡಿದ್ರೂ ಅವರು ಬಗ್ಗಲಿಲ್ಲ. ನಾವೂ ಇಡುವ. ಮೇಡಂ ಪೇಪರ್ ಮಾಡಿ ಕೊಡ್ತಾರೆ. ಒಂದೇ ಚಾನ್ಸ್. ಪಾಸಾದವರು ಕ್ಲಾಸ್ ಮಾಡಿ, ಆಗದವರು ಇಲ್ಲ. ಖಲಾಸ್.”

ಒಂದೇ ಚಾನ್ಸ್ ಅಲ್ಲ, ಅಲ್ಲಿ ಮತ್ತೆ ಬರೆಯಲಿಕ್ಕೆ ಬಿಟ್ಟಿದ್ದರು ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅಧ್ಯಕ್ಷರು ನನ್ನ ಕಡೆಗೇ ನೋಡುತ್ತಿದ್ದರು. ಅವರು ನನ್ನ ಗಂಡನ ಯಜಮಾನರು. ಗಂಡನ ವೀಸಾ ನವೀಕರಣಕ್ಕೆ ಅವರ ಸಹಿ ಬೇಕು, ಅದೂ ಅದೇ ತಿಂಗಳು. ಮಾತು ಒಳಗೇ ಉಳಿಯಿತು.

ಹೊರಗೆ ಬರುವಾಗ ಅಕ್ಕ ನನ್ನ ಕೈ ಹಿಡಿದರು. “ಬರೀಬೇಕಾ ಮಾರಾಯ್ತಿ? ಈಗಲೇ ಬಿಡುದು ಒಳ್ಳೇದಾ? ಆ ಮೇಡಂ ಹತ್ರ ಮಾತಾಡುವವಳು ನೀನು, ನಿಂಗೆ ಗೊತ್ತುಂಟು.”

“ಬರೀರಿ ಅಕ್ಕ, ಏನೂ ಆಗುದಿಲ್ಲ,” ಎಂದೆ.

ಒಮಾನಿನಲ್ಲಿ ಆಗ ಗುರುವಾರ ವಾರದ ರಜೆ. ಅಂದು ಬೆಳಿಗ್ಗೆ ನಾಲ್ಕನೇ ಕ್ಲಾಸಿನ ಕೋಣೆಯಲ್ಲಿ ಕೂತು ಪರೀಕ್ಷೆ ಬರೆದೆವು. ಸ್ಟಾಫ್ ರೂಮಿನಲ್ಲಿ ಆಗಲೇ ಅದಕ್ಕೆ ಗವರ್ನರ್ ಪರೀಕ್ಷೆ ಎಂದು ಹೆಸರು ಬಿದ್ದಿತ್ತು. ಕಷ್ಟದ ಪೇಪರೇನೂ ಅಲ್ಲ. ಒಂದು ಪ್ಯಾರಾ ಓದಿ ಉತ್ತರಿಸುವುದು, ತಪ್ಪು ತಿದ್ದುವುದು, ಪೋಷಕರಿಗೆ ಒಂದು ಪತ್ರ ಬರೆಯುವುದು. ನಾನು ಬೇಗ ಮುಗಿಸಿದೆ. ಮುಂದಿನ ಬೆಂಚಿನಲ್ಲಿ ಅಕ್ಕನ ಬೆನ್ನು ಕಾಣುತ್ತಿತ್ತು. ಪೆನ್ನು ಎತ್ತಿ, ಗಾಳಿಯಲ್ಲಿ ಅಕ್ಷರ ಬರೆದು ನೋಡಿ, ಮತ್ತೆ ಕಾಗದಕ್ಕೆ ಇಳಿಸುತ್ತಿದ್ದರು. ಬೆಲ್ಲಾದ ಮೇಲೂ ಬರೆಯುತ್ತಲೇ ಇದ್ದರು.

ಆರು ಮಂದಿ ಪಾಸಾದೆವು. ಅಕ್ಕ ಫೇಲಾದರು.

ಮೇಡಂ ಮುಂದಿನ ಸಲ ಬಂದವರು ಅಕ್ಕನಿಗೆ ಯಾವಾಗ ಎರಡನೇ ಪರೀಕ್ಷೆ, ತಯಾರಿಗೆ ಪುಸ್ತಕ ತಂದಿದ್ದೇನೆ ಎಂದರು. ಎರಡನೆಯದು ಇಲ್ಲ ಎಂದೆ. ಅವರಿಗೆ ಅರ್ಥವಾಗಲಿಲ್ಲ. ಒಂದೇ ಅವಕಾಶ ಎಂದು ಸಭೆಯಲ್ಲೇ ತೀರ್ಮಾನವಾಗಿತ್ತು ಎಂದು ವಿವರಿಸಿದೆ.

“ಸಭೆಯಲ್ಲಿ ನೀನಿದ್ದೆಯಾ?”

“ಇದ್ದೆ.”

“ಮರುಪರೀಕ್ಷೆಯ ವಿಷಯ ನಿನಗೆ ಹೇಳಿದ್ದೆನಲ್ಲ.”

ನಾನು ತಲೆ ತಗ್ಗಿಸಿದೆ. ಅವರು ತಂದ ಪುಸ್ತಕವನ್ನು ಮತ್ತೆ ಚೀಲಕ್ಕೆ ಹಾಕುತ್ತ, “ಅಧ್ಯಕ್ಷರಿಗೂ ಹೇಳಿದ್ದೆ. ಆದರೆ ಕೊನೆಗೆ, ಅವರು ಕೈಗಡಿಯಾರ ನೋಡುವಾಗ ಹೇಳಿದೆ. ಮೊದಲು ಹೇಳಿದ್ದು, ಗವರ್ನರ್ ಬಗ್ಗಲಿಲ್ಲ ಅಂತ. ಕೇಳಲು ಅದೇ ಚಂದ ಅಲ್ಲವೇ?” ಎಂದರು.

ಅಂದು ಕತೆ ಓದಲು ಅವರು ಹೋಗಲಿಲ್ಲ. ಹಿತ್ತಿಲಲ್ಲಿ ಕೂತು ತಮ್ಮ ಊರಿನ ಒಬ್ಬರ ವಿಷಯ ಹೇಳಿದರು. ಚಿಕ್ಕಂದಿನಲ್ಲಿ ಮೇಡಂಗೇ ಓದಲು ಕಲಿಸಿದ್ದ ಟೀಚರ್, ನಿವೃತ್ತಿಗೆ ಸ್ವಲ್ಪ ಕಾಲ ಉಳಿದಿದ್ದ ಹೆಂಗಸು. ಗವರ್ನರ್ ಪರೀಕ್ಷೆಯಲ್ಲಿ ಮೊದಲ ಸಲ ಪಾಸಾಗಲಿಲ್ಲ. ಮತ್ತೆ ಬರೆಯಬಹುದಿತ್ತು. ಬರೆಯದೆ ರಾಜೀನಾಮೆ ಕೊಟ್ಟರು. ಆಮೇಲಿನ ಚುನಾವಣೆಯ ಪ್ರಚಾರಕ್ಕೆಂದು ಮೇಡಂ ತಟ್ಟಿದ ಬಾಗಿಲುಗಳಲ್ಲಿ ಅವರದೂ ಒಂದು. ಆ ಟೀಚರ್ ಒಳಗೆ ಕರೆದು, ಶರಬತ್ತು ಕೊಟ್ಟು, ಮೇಡಂ ಹೇಳಿದ್ದೆಲ್ಲವನ್ನೂ ಕೇಳಿಸಿಕೊಂಡು, ಆಗಲಿ ಮಗೂ, ನಿನ್ನ ಗವರ್ನರಿಗೇ ವೋಟು ಹಾಕುತ್ತೇನೆ ಎಂದಿದ್ದರಂತೆ.

“ಹಾಕಿದರಾ?”

“ಹಾಕಿರಬೇಕು. ಮಾತಿಗೆ ತಪ್ಪುವವರಲ್ಲ. ಗವರ್ನರ್ ಮತ್ತೆ ಗೆದ್ದರು. ಪರೀಕ್ಷೆಯಿಂದ ಒಳ್ಳೆಯದಾಗಲಿಲ್ಲ ಅಂತ ನಾನು ಈಗಲೂ ಹೇಳಲಾರೆ. ಆ ಮನೆಯ ಮುಂದೆ ಮಾತ್ರ ಕಾರು ಓಡಿಸುವುದಿಲ್ಲ. ಸುತ್ತು ಹಾಕಿ ಹೋಗುತ್ತೇನೆ.”

ಅಕ್ಕನಿಗೆ ಸಂಬಳದ ಅಗತ್ಯ ಇರಲಿಲ್ಲ. ಗಂಡನ ಅಂಗಡಿ ಚೆನ್ನಾಗಿಯೇ ನಡೆಯುತ್ತಿತ್ತು. ಮನೆಯಲ್ಲಿ ಕೂರಬಹುದಿತ್ತು. ಅಧ್ಯಕ್ಷರಿಗೂ ಪೂರ್ತಿ ಕಳಿಸಲು ಮನಸ್ಸಿರಲಿಲ್ಲ. ಒಂದನೇ ಕ್ಲಾಸಿಗೆ ನನ್ನನ್ನು ಹಾಕಿ, ಅಕ್ಕನಿಗೆ, ಬೇಕಾದರೆ ಅದೇ ಕ್ಲಾಸಿನಲ್ಲಿ ಸಹಾಯಕಿಯಾಗಿ ಇರಬಹುದು ಎಂದು ಹೇಳಿಕಳಿಸಿದರು. ಮಕ್ಕಳ ಶೂ ಕಟ್ಟುವುದು, ಟಿಫಿನ್ ಬಿಚ್ಚಿಕೊಡುವುದು, ಬಾತ್‌ರೂಮಿಗೆ ಕರೆದೊಯ್ಯುವುದು. ಅವರು ಒಪ್ಪಲಾರರು ಎಂದುಕೊಂಡಿದ್ದೆ. ಒಪ್ಪಬಾರದು ಎಂದು ಒಳಗೊಳಗೇ ಬೇಡಿಕೊಂಡೆ. ಅವರು ಮಾರನೇ ದಿನವೇ ಬಂದು ಹಿಂದಿನ ಬೆಂಚಿನಲ್ಲಿ ಕೂತರು.

ಆ ದಿನಗಳು ಹೇಗೆ ಕಳೆದವೆಂದು ಹೇಳುವುದು ಕಷ್ಟ. ನಾನು ಅವರ ಮೇಜಿನ ಮುಂದೆ ನಿಂತಿದ್ದೆ. ಮಕ್ಕಳು ಡೌಟು ಬಂದರೆ ನನ್ನನ್ನು ದಾಟಿ ಹಿಂದಕ್ಕೆ ಓಡುತ್ತಿದ್ದರು. ಅಕ್ಕ ಅವರ ಭುಜ ಹಿಡಿದು ತಿರುಗಿಸಿ, “ಟೀಚರ್ ಅಲ್ಲುಂಟು ನೋಡು,” ಎಂದು ನನ್ನ ಕಡೆಗೆ ತೋರಿಸುತ್ತಿದ್ದರು. ನನ್ನ ಸ್ವರ ತಾನಾಗಿ ಸಣ್ಣದಾಗಿತ್ತು. ಮನೆಗೆ ಹೋಗಿ ಅಡಿಗೆ ಮಾಡುವಾಗಲೂ ಆ ಹಿಂದಿನ ಬೆಂಚು ಕಣ್ಣೆದುರು ಬರುತ್ತಿತ್ತು. ಗಂಡ ಊಟ ಚೆನ್ನಾಗಿದೆ ಎಂದರೂ ಯಾರದೋ ತಟ್ಟೆಯದನ್ನು ಬಡಿಸಿದವಳ ಹಾಗೆ ಅನಿಸುತ್ತಿತ್ತು.

ಒಂದು ಮಧ್ಯಾಹ್ನ ಮಕ್ಕಳು ಹೋದ ಮೇಲೆ ತಡೆಯಲಾಗದೆ, “ಅಕ್ಕ, ನೀವು ಇಲ್ಲಿ ಹೀಗೆ ಕೂರುದು ನಂಗೆ ನೋಡ್ಲಿಕ್ಕೆ ಆಗುದಿಲ್ಲ,” ಎಂದೆ.

ಅವರು ನೆಲಕ್ಕೆ ಬಿದ್ದ ಕ್ರೇಯಾನ್‌ಗಳನ್ನು ಹೆಕ್ಕುತ್ತಿದ್ದರು. ಬೆನ್ನು ನೆಟ್ಟಗೆ ಮಾಡಿ ಹೇಳಿದರು. “ನಂಗೆ ಎಂತ ಆಗ್ತದೆ ಗೊತ್ತುಂಟಾ? ಈ ಶಾಲೆ ಬಿಟ್ಟು ಹೋದ ಮಕ್ಕಳೆಲ್ಲ ನನ್ನ ಕೈಯಡಿ ಕಲ್ತವು. ತಪ್ಪು ಕಲ್ಸಿದ್ದೇನೆ. ಈಗ ಎಲ್ಲೆಲ್ಲೋ ಹೋಗಿ ಹಾಗೇ ಬರೀತಿರ್ತವೆ. ಮಾರ್ಕು ಹೋಗ್ತದೆ, ಬೈಸ್ಕೊಳ್ತವೆ. ಅದು ನನ್ನ ತಲೆಗೆ. ನೀನು ಬೋರ್ಡಲ್ಲಿ ಬರೆಯುದನ್ನು ನಾನೂ ಕೂತು ಕಲೀತೇನೆ. ಹಾಗೆ ಬಂದದ್ದು.”

ಸಭೆಯ ವಿಷಯ, ನನಗೆ ಗೊತ್ತಿದ್ದ ವಿಷಯ ಅಂದು ಹೇಳಿದೆ. ಅಮೆರಿಕದಲ್ಲಿ ಮತ್ತೆ ಬರೆಯಲು ಬಿಡುತ್ತಾರೆ, ನನಗೆ ತಿಳಿದಿತ್ತು, ಬಾಯಿ ಬಿಡಲಿಲ್ಲ ಎಂದೆ.

ಅಕ್ಕ ಕ್ರೇಯಾನ್‌ಗಳನ್ನು ಡಬ್ಬಿಗೆ ತುಂಬಿ ಮುಚ್ಚಿದರು. “ಈಗಾದ್ರೂ ಹೇಳು,” ಎಂದರು. “ನಂಗೆ ಅಲ್ಲ. ಅಧ್ಯಕ್ಷರಿಗೆ.” ಅಂದು ಮನೆಗೆ ಹೋಗುವಾಗ ಎಂದಿನಂತೆ ನನಗಾಗಿ ಕಾಯಲಿಲ್ಲ.

ಎರಡು ದಿನ ಬಿಟ್ಟು ಮೇಡಂ ಬಂದಾಗ, ನಾನೂ ಅವರೂ ಕೂಡಿ ಅಧ್ಯಕ್ಷರ ಅಂಗಡಿಗೆ ಹೋದೆವು. ನನ್ನ ಗಂಡ ಒಳಕೋಣೆಯಲ್ಲಿ ಲೆಕ್ಕ ಬರೆಯುತ್ತಿದ್ದವರು ತಲೆ ಎತ್ತಿ ನೋಡಿ ಗಾಬರಿಯಾದರು. ಅಧ್ಯಕ್ಷರು ಕುರ್ಚಿ ಕೊಡಿಸಿ, ತಂಪು ತರಿಸಿದರು.

ಮರುಪರೀಕ್ಷೆ ಇಡಬೇಕು ಎಂದರು ಮೇಡಂ.

“ಮೇಡಂ, ಗವರ್ನರ್ ಬಗ್ಗಲಿಲ್ಲ ಅಂತ ನೀವೇ ಹೇಳಿದ್ದು. ಈಗ ನಾನು ಬಗ್ಗಬೇಕಾ?” ಅಧ್ಯಕ್ಷರದು ಅಂಗಡಿಯ ಇಂಗ್ಲಿಷು. ಸಿಟ್ಟಿರಲಿಲ್ಲ. ಚೌಕಾಸಿಯ ಧಾಟಿ.

“ಪರೀಕ್ಷೆ ಬೇಕೆಂಬುದರಲ್ಲಿ ಬಗ್ಗಲಿಲ್ಲ. ಆದರೆ ವಿರೋಧಿಗಳು ಕೂಗಾಡಿದ್ದರಿಂದಲೇ ಎಷ್ಟೋ ಬದಲಾಯಿತು. ಎಷ್ಟು ಸಲ ಬರೆಯಬಹುದು, ತಯಾರಿ ಹೇಗೆ, ಎಲ್ಲದಕ್ಕೂ ವಾದ ನಡೆಯಿತು. ಗವರ್ನರ್ ಮಾತು ಶುರುಮಾಡುತ್ತಾರೆ ಅಷ್ಟೆ, ಅವರೊಬ್ಬರೇ ಮುಗಿಸುವುದಿಲ್ಲ. ತೆರಿಗೆ ಹಾಕಿ ಸಂಬಳ ಏರಿಸಿದ್ದು ಬೇರೆ. ನೀವು ಅದರಲ್ಲಿ ಒಂದು ತುಂಡು ಮಾತ್ರ ತಂದಿರಿ. ತಂದುಕೊಟ್ಟವಳು ನಾನು.”

“ಅಲ್ಲಿ ವೋಟು ಉಂಟು, ವಾದ ಮಾಡ್ತಾರೆ,” ಎಂದು ಅಧ್ಯಕ್ಷರು ಕನ್ನಡಕ್ಕೆ ಹೊರಳಿ ನನ್ನನ್ನು ನೋಡಿದರು. “ಇಲ್ಲಿ ಯಾರು ಮಾಡ್ತಾರೆ? ಸಭೆಯಲ್ಲಿ ಒಬ್ಬರಾದ್ರೂ ತುಟಿ ಬಿಚ್ಚಿದ್ರಾ?”

“ನಾನು ಬಿಚ್ಚಬೇಕಿತ್ತು,” ಎಂದೆ. “ನಂಗೆ ಗೊತ್ತಿತ್ತು ಸರ್. ನಿಮ್ಮ ಎದುರು ಹೇಳ್ಲಿಕ್ಕೆ ಹೆದರಿದೆ. ಅಕ್ಕನಿಗೆ ಇನ್ನೊಂದು ಚಾನ್ಸ್ ಕೊಡಿ. ಇಲ್ಲದಿದ್ರೆ ನಂಗೆ ಆ ಕ್ಲಾಸು ಬೇಡ.”

“ನೀವು ಹೀಗೆ ಕೇಳ್ಲಿಕ್ಕೆ ಬರುದು ನಿಮ್ಮ ಗಂಡನಿಗೆ ಮೊದಲೇ ಗೊತ್ತಿತ್ತಾ?”

“ಇಲ್ಲ.”

ಒಳಕೋಣೆಯಲ್ಲಿ ಕ್ಯಾಲ್ಕ್ಯುಲೇಟರಿನ ಸದ್ದು ನಿಂತಿತ್ತು. ಅಧ್ಯಕ್ಷರು ಬಾಟಲಿಯ ಕೊನೆಯ ಗುಟುಕು ಕುಡಿದು, “ವರ್ಷದ ಕೊನೆಗೆ ಇಡುವ. ಪೇಪರ್ ಸುಲಭ ಮಾಡ್ಲಿಕ್ಕಿಲ್ಲ ಅಂತ ಹೇಳಿ ಮೇಡಂಗೆ,” ಎಂದರು. ಹೆದರಿದ್ದಷ್ಟು ದೊಡ್ಡ ಗುಡ್ಡವೇನೂ ಅಲ್ಲ ಅದು. ಸಭೆಯ ದಿನವೇ ಹೇಳಿದ್ದರೂ ಹೀಗೇ ಆಗುತ್ತಿತ್ತೋ ಏನೋ.

ಸಂಜೆ ಗಂಡ ಕೈಕಾಲು ತೊಳೆದು ಬಂದು ಕೂತು, “ನನ್ನ ಹತ್ರ ಒಂದು ಮಾತು ಕೇಳ್ಬಹುದಿತ್ತು,” ಎಂದರು ಅಷ್ಟೆ. ಅವರ ವೀಸಾಕ್ಕೆ ತೊಂದರೆಯಾಗಲಿಲ್ಲ. ಆದರೆ ಸೀಲು ಬೀಳುವವರೆಗೂ ಆ ಮನುಷ್ಯ ಸರಿಯಾಗಿ ನಿದ್ದೆ ಮಾಡಲಿಲ್ಲ. ಅದೂ ನನ್ನ ಲೆಕ್ಕಕ್ಕೇ.

ಉಳಿದ ತಿಂಗಳುಗಳಲ್ಲಿ ಮೇಡಂ ಬರುವ ದಿನ ಶಾಲೆ ಬಿಟ್ಟ ಮೇಲೂ ಉಳಿದು ಅಕ್ಕನಿಗೆ ಕಲಿಸುತ್ತಿದ್ದರು. ನಾನು ನಡುವೆ ಕೂತು ಕನ್ನಡದಲ್ಲಿ ಹೇಳುತ್ತಿದ್ದೆ. ಬರಬರುತ್ತ ನನ್ನ ಅಗತ್ಯವೇ ಬೀಳುತ್ತಿರಲಿಲ್ಲ. ಇಂಗ್ಲಿಷಿನ ಸ್ಪೆಲ್ಲಿಂಗಿಗೆ ನ್ಯಾಯವೇ ಇಲ್ಲ ಎಂದು ಅಕ್ಕ ಬೈದರೆ, ಮೇಡಂ ಜೋರಾಗಿ ನಗುತ್ತಿದ್ದರು. ಒಮ್ಮೆ ಅಕ್ಕ ಕೇಳಿದರು, “ಆ ನಿಮ್ಮ ಗವರ್ನರ್ ಯಾವುದಾದ್ರೂ ಪರೀಕ್ಷೆ ಬರೀತಾನಾ?” ಮೇಡಂ ಹೇಳಿದರು, “ಕೆಲವು ವರ್ಷಕ್ಕೊಮ್ಮೆ ಬರೆಯುತ್ತಾರೆ. ಮಾರ್ಕು ಹಾಕುವವರು ನಾವು. ಆದರೆ ನಾವು ಕೊಡುವ ಮಾರ್ಕು ಸರಿಯೋ ತಪ್ಪೋ ಅಂತ ನೋಡುವವರು ಯಾರೂ ಇಲ್ಲ.”

ವರ್ಷದ ಕೊನೆಗೆ ಅಕ್ಕ ಒಬ್ಬರೇ ಕೂತು ಬರೆದರು. ಈ ಸಲ ಬೆಲ್ಲಿಗೆ ಮೊದಲೇ ಪೆನ್ನು ಮುಚ್ಚಿದರು. ಪಾಸಾದರು. ಅಧ್ಯಕ್ಷರು ಮಿಠಾಯಿ ಹಂಚಿಸಿದರು. ಆ ಬೇಸಿಗೆಯಲ್ಲೇ ಮೇಡಂ ಅವರ ಗಂಡನ ಕೆಲಸದ ಅವಧಿ ಮುಗಿದು ಅವರು ಊರಿಗೆ ಹೊರಟರು. ಹೊರಡುವ ಮೊದಲು, ಹೋದ ಮೇಲೆ ಆ ಟೀಚರ್ ಮನೆಗೆ ಹೋಗುತ್ತೀರಾ ಎಂದು ಕೇಳಿದೆ. ಹೋಗಬೇಕು ಎಂದರು. ಹೋದರೋ ಇಲ್ಲವೋ ನನಗೆ ತಿಳಿಯಲಿಲ್ಲ.

ಹೊಸ ವರ್ಷ ಅಕ್ಕ ಒಂದನೇ ಕ್ಲಾಸಿಗೆ ಮರಳಿದರು. ನಾನು ಮೂರಕ್ಕೆ ಹೋದೆ. ನಮ್ಮಿಬ್ಬರ ಮಾತು ಮೊದಲಿನಂತೆಯೇ ಇತ್ತು ಎಂದರೆ ಸುಳ್ಳಾಗುತ್ತದೆ. ಮೀನಿನ ಸುದ್ದಿ ಹೇಳುತ್ತಿದ್ದರು, ಹಬ್ಬಕ್ಕೆ ಬಿರಿಯಾನಿ ಕಳಿಸುತ್ತಿದ್ದರು, ಆದರೆ ಯಾವ ವಿಷಯಕ್ಕೂ “ನಿಂಗೆ ಗೊತ್ತುಂಟು” ಎಂದು ನನ್ನನ್ನು ಕೇಳುವುದು ನಿಂತುಹೋಗಿತ್ತು. ಅದನ್ನು ನಾನು ಕಳೆದುಕೊಂಡೆ, ನ್ಯಾಯವಾಗಿಯೇ.

ಒಂದು ಬೆಳಿಗ್ಗೆ ಬೇಗ ಬಂದವಳು ಒಂದನೇ ಕ್ಲಾಸಿನ ಮುಂದೆ ಹಾದುಹೋಗುವಾಗ ಬೋರ್ಡು ನೋಡಿದೆ. ಹಣ್ಣುಗಳ ಹೆಸರು ಬರೆದಿದ್ದರು. ಒಂದರಲ್ಲಿ ಅಕ್ಷರ ಹಿಂದುಮುಂದಾಗಿತ್ತು. ಕೋಣೆಯಲ್ಲಿ ಯಾರೂ ಇರಲಿಲ್ಲ. ಒಳಗೆ ಹೋಗಿ, ಡಸ್ಟರಿನ ಮೂಲೆಯಿಂದ ಒರೆಸಿ ಸರಿಯಾಗಿ ಬರೆಯಲು ಚಾಕ್ ಎತ್ತಿದೆ. ಹಿಂದಿನಿಂದ ಅಕ್ಕನ ಸ್ವರ ಕೇಳಿತು.

“ಒರೆಸಿದ್ದು ಎಂತಕ್ಕೆ?”

ಏನೋ ಧೂಳು ಎಂದು ತೊದಲಿದೆ.

“ಧೂಳು ಅಲ್ಲ. ಕದ್ದು ಒರೆಸ್ಬೇಡ ಮಾರಾಯ್ತಿ, ಮುಖ ನೋಡಿ ಹೇಳು. ನೀನು ಹೇಳದೆ ಇದ್ರೆ ನಂಗೆ ಹೇಗೆ ಗೊತ್ತಾಗುದು?”

ಅವರು ಬಂದು ನನ್ನ ಕೈಯಿಂದ ಚಾಕ್ ತೆಗೆದುಕೊಂಡು ಕಾದು ನಿಂತರು. ನಾನು ಒಂದೊಂದೇ ಅಕ್ಷರ ಹೇಳಿದೆ. ಅವರು ಬರೆದರು. ಹೊರಗೆ ಶಾಲೆಯ ವ್ಯಾನು ಬಂದು ನಿಂತು, ಮಕ್ಕಳು ಗಲಗಲ ಇಳಿಯತೊಡಗಿದರು.